ಡ್ಯೂಕ್, ನಾರ್ತ್ ಕ್ಯಾರೊಲಿನಾ ಮತ್ತು ಸೋಲಿನ ವರ್ಷಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ರಿಸರ್ಚ್ ಟ್ರಯಾಂಗಲ್ ಸುತ್ತಮುತ್ತ, ಅಂದರೆ ಕ್ಯಾರಿ, ಮಾರಿಸ್‌ವಿಲ್, ಡರ್ಹಮ್ ಕಡೆ, ಕನ್ನಡದ ಮನೆಗಳು ಸಾಕಷ್ಟಿವೆ. ಅಲ್ಲಿ ಬೆಳೆಯುವ ಮಕ್ಕಳು ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಬೇಗನೆ ಒಂದು ಪಕ್ಷ ಹಿಡಿಯುತ್ತಾರೆ. ಕಡುನೀಲಿ ಅಂಗಿ ತೊಟ್ಟರೆ ಡ್ಯೂಕ್, ತಿಳಿನೀಲಿ ತೊಟ್ಟರೆ ಕ್ಯಾರೊಲಿನಾ. ಗೆದ್ದ ವರ್ಷಗಳ ಕತೆ ಎಲ್ಲರ ಬಾಯಲ್ಲೂ ಇದೆ. ಜಗಳ ಬರುವುದು ಸೋತ ವರ್ಷಗಳ ಬಗ್ಗೆ. ಯಾರು ಹೆಚ್ಚು ಕೆಳಗೆ ಬಿದ್ದರು? ಯಾರು ಬೇಗ ಎದ್ದರು? ಈ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ. ಮುಂದೆ 13-18 ಅಂತ ಕಂಡರೆ ಮೊದಲ ಸಂಖ್ಯೆ ಗೆಲುವು, ಎರಡನೆಯದು ಸೋಲು.

ಅಷ್ಟೊಂದು ಕಾಲೇಜು ತಂಡಗಳಿರುವಾಗ ಈ ಎರಡೇ ಯಾಕೆ?

ಮೊದಲ ಕಾರಣ ದೂರ. ಡರ್ಹಮ್‌ನ ಡ್ಯೂಕ್‌ನಿಂದ ಚಾಪೆಲ್ ಹಿಲ್‌ನ ಕ್ಯಾರೊಲಿನಾ ಕ್ಯಾಂಪಸ್‌ಗೆ ಸುಮಾರು 16 ಕಿಲೋಮೀಟರ್ ಅಷ್ಟೇ. ಒಂದು ಖಾಸಗಿ ವಿಶ್ವವಿದ್ಯಾಲಯ, ಇನ್ನೊಂದು ಸರ್ಕಾರಿ. 1920ರ ಜನವರಿಯಿಂದ ಪರಸ್ಪರ ಆಡುತ್ತಿದ್ದಾರೆ. ಆಗ ಡ್ಯೂಕ್‌ನ ಹೆಸರು ಟ್ರಿನಿಟಿ ಕಾಲೇಜು. ಇಬ್ಬರೂ ಎಸಿಸಿ ಎಂಬ ಒಂದೇ ಕಾನ್ಫರೆನ್ಸ್‌ನಲ್ಲಿ, ಅಂದರೆ ತಮ್ಮೊಳಗೆ ಲೀಗ್ ಆಡುವ ಕಾಲೇಜುಗಳ ಗುಂಪಿನಲ್ಲಿ ಇದ್ದಾರೆ, ವರ್ಷಕ್ಕೆ ಎರಡು ಸಲವಾದರೂ ಎದುರಾಗುತ್ತಾರೆ.

ಇನ್ನೊಂದು ಕಾರಣ, ಇವರಿಬ್ಬರೂ ಸೋಲುವುದು ಅಪರೂಪ. ಎರಡು ಮೂರು ವರ್ಷಕ್ಕೊಮ್ಮೆ ಮುಗ್ಗರಿಸುವ ತಂಡಗಳಲ್ಲಿ ಕೆಟ್ಟ ಸೀಸನ್‌ಗೆ ಕಾರಣ ಹುಡುಕುವುದು ಕಷ್ಟ. ಇಲ್ಲಿ ಹಾಗಲ್ಲ. ಏನು ತಪ್ಪಿತು ಅನ್ನೋದು ಎದ್ದು ಕಾಣುತ್ತದೆ.

ಯಾವ ಯಾವ ಸೀಸನ್‌ಗಳನ್ನು ಕೆಟ್ಟವು ಅಂತ ಲೆಕ್ಕಕ್ಕೆ ಹಿಡಿಯಬೇಕು?

ಡ್ಯೂಕ್ ಕಡೆಯಿಂದ 1981-82 ಮತ್ತು 1982-83 (10-17, 11-17), 1994-95 (13-18), 2020-21 (13-11). ಕ್ಯಾರೊಲಿನಾ ಕಡೆಯಿಂದ 2001-02 (8-20), 2019-20 (14-19). 2022-23ರಲ್ಲಿ ಕ್ಯಾರೊಲಿನಾ 20-13. ಅಂಕಿ ನೋಡಿದರೆ ಅದು ಕೆಟ್ಟದ್ದೇನಲ್ಲ. ಆದರೂ ಅದನ್ನು ಯಾಕೆ ಸೇರಿಸಬೇಕು ಅಂತ ಕೆಳಗೆ ಹೇಳುತ್ತೇನೆ.

ಹಳೆಯ ತಲೆಮಾರಿನವರು ನೆನೆಸುವುದು ಎರಡನ್ನೇ: 1994-95ರ ಡ್ಯೂಕ್, 2001-02ರ ಕ್ಯಾರೊಲಿನಾ. ಹೆಚ್ಚು ಹೇಳಬೇಕಾಗಿರುವುದೂ ಅವುಗಳ ಬಗ್ಗೆಯೇ.

1994-95ರಲ್ಲಿ ಡ್ಯೂಕ್‌ಗೆ ಏನಾಯಿತು?

ಹಿಂದಿನ ವರ್ಷವಷ್ಟೇ ಡ್ಯೂಕ್ ರಾಷ್ಟ್ರೀಯ ಫೈನಲ್ ಆಡಿತ್ತು. ಅರ್ಕನ್ಸಾ ವಿರುದ್ಧ 76-72ರಲ್ಲಿ ಸೋತಿತ್ತು. ತಂಡದ ತಾರೆ ಗ್ರಾಂಟ್ ಹಿಲ್ ಓದು ಮುಗಿಸಿ ವೃತ್ತಿಪರ ಲೀಗ್ ಎನ್‌ಬಿಎಗೆ ಹೋದರು. ತಂಡ ಸ್ವಲ್ಪ ಇಳಿಯುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಇಷ್ಟು ಇಳಿಯುತ್ತದೆ ಅಂತ ಯಾರೂ ಎಣಿಸಿರಲಿಲ್ಲ.

1994ರ ಅಕ್ಟೋಬರ್‌ನಲ್ಲಿ ಕೋಚ್ ಮೈಕ್ ಶಶೆವ್‌ಸ್ಕಿ ಅವರಿಗೆ ಬೆನ್ನಿನ ಡಿಸ್ಕ್ ಆಪರೇಷನ್ ಆಯಿತು. ಎಲ್ಲರೂ ಅವರನ್ನು ಕೋಚ್ ಕೆ ಅಂತಲೇ ಕರೆಯುತ್ತಾರೆ. ವಿಶ್ರಾಂತಿ ಪೂರ್ತಿಯಾಗುವ ಮೊದಲೇ ಅವರು ಪ್ರಾಕ್ಟೀಸ್‌ಗೆ ವಾಪಸ್ ಬಂದರು. ನೋವು ಹೋಗಲಿಲ್ಲ. ಡಿಸೆಂಬರ್ ಕೊನೆಗೆ ಹವಾಯಿಗೆ ಹೋಗಿ ಬರುವ ದೂರದ ವಿಮಾನ ಪ್ರಯಾಣ ಬೇರೆ. ಜನವರಿ ಮೊದಲ ವಾರ ಕ್ಲೆಮ್ಸನ್ ವಿರುದ್ಧ ತಮ್ಮದೇ ಅಂಗಳದಲ್ಲಿ ಸೋತ ಪಂದ್ಯವೇ ಆ ಸೀಸನ್‌ನಲ್ಲಿ ಅವರ ಕೊನೆಯದು. ಆಮೇಲೆ ರಜೆ ಹಾಕಿ ಮನೆಗೆ ಹೋದರು. ಅಷ್ಟು ಹೊತ್ತಿಗೆ ತಂಡ 9-3.

ಸಹಾಯಕ ಕೋಚ್ ಪೀಟ್ ಗಾಡೆಟ್ ಜವಾಬ್ದಾರಿ ಹೊತ್ತರು. ಉಳಿದ ಪಂದ್ಯಗಳಲ್ಲಿ ತಂಡ 4-15. ಎಸಿಸಿಯೊಳಗಿನ ಲೆಕ್ಕ 2-14, ಕಟ್ಟಕಡೆಯ ಸ್ಥಾನ. ಆ ವರ್ಷ ಎಸಿಸಿ ಬಹಳ ಬಿಗಿಯಾಗಿತ್ತು. ಕ್ಯಾರೊಲಿನಾ, ವೇಕ್ ಫಾರೆಸ್ಟ್, ಮೇರಿಲ್ಯಾಂಡ್, ವರ್ಜೀನಿಯಾ ನಾಲ್ಕೂ 12-4ರಲ್ಲಿ ಮೊದಲ ಸ್ಥಾನ ಹಂಚಿಕೊಂಡಿದ್ದವು. ಹುಷಾರಿಲ್ಲದ ತಂಡಕ್ಕೆ ಉಸಿರಾಡಲು ಒಂದು ಸುಲಭದ ವಾರವೂ ಸಿಗಲಿಲ್ಲ.

ಗಾಡೆಟ್ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಆಗ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯಲ್ಲಿ ಒಂದು ನಿಯಮವಿತ್ತು. ಪ್ರತಿ ತಂಡದ ಒಬ್ಬ ಸಹಾಯಕ ಕೋಚ್‌ಗೆ ವರ್ಷಕ್ಕೆ 16,000 ಡಾಲರ್‌ಗಿಂತ ಹೆಚ್ಚು ಕೊಡುವಂತಿರಲಿಲ್ಲ. ಡ್ಯೂಕ್‌ನಲ್ಲಿ ಆ ಜಾಗದಲ್ಲಿದ್ದವರು ಗಾಡೆಟ್. ದೇಶದ ಅತಿ ದೊಡ್ಡ ತಂಡಗಳಲ್ಲೊಂದರ ಸೋಲುಗಳನ್ನೆಲ್ಲ ಹೆಗಲ ಮೇಲೆ ಹೊತ್ತ ಮನುಷ್ಯನ ಸಂಬಳದ ಮಿತಿ ಅದು. ಇಂಥ ಕೋಚ್‌ಗಳು ಒಟ್ಟಾಗಿ ಕೋರ್ಟಿಗೆ ಹೋದರು. ನಿಯಮ ಬಿದ್ದುಹೋಯಿತು. 1999ರಲ್ಲಿ ಎನ್‌ಸಿಎಎ 54.5 ಮಿಲಿಯನ್ ಡಾಲರ್ ಕೊಟ್ಟು ಪ್ರಕರಣ ಮುಗಿಸಿತು. ಆ ಸೀಸನ್ನಿನ ಬಗ್ಗೆ ಮಾತಾಡುವವರು ಗಾಡೆಟ್ ಅವರನ್ನು ಬೈಯುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು.

ಆ 4-15 ಯಾರ ಲೆಕ್ಕಕ್ಕೆ ಸೇರುತ್ತದೆ?

ದಾಖಲೆ ಪುಸ್ತಕದಲ್ಲಿ ಅದು ಗಾಡೆಟ್ ಅವರ ಹೆಸರಲ್ಲಿದೆ. 9-3 ಮಾತ್ರ ಕೋಚ್ ಕೆ ಹೆಸರಲ್ಲಿ. ಕ್ಯಾರೊಲಿನಾ ಅಭಿಮಾನಿಗಳು ಇವತ್ತಿಗೂ ಕೆರಳುವುದು ಇಲ್ಲೇ. 2022ರಲ್ಲಿ ನಿವೃತ್ತರಾದಾಗ ಕೋಚ್ ಕೆ ಅವರ ಒಟ್ಟು ಗೆಲುವು 1,202. ಹದಿನೈದು ಸೋಲು ಸೇರಿದರೂ ಬಿಟ್ಟರೂ ಆ ಸಂಖ್ಯೆ ಅಲ್ಲಾಡುವುದಿಲ್ಲ.

ಇಬ್ಬರು ಕೋಚ್‌ಗಳನ್ನು ಹೋಲಿಸುತ್ತಿದ್ದರೆ ಹದಿನೈದು ಸೋಲನ್ನು ಬಿಡಿ, ತಂಡದ ಪಕ್ಕ ಇಲ್ಲದವರ ತಲೆಗೆ ಅದನ್ನು ಕಟ್ಟುವುದು ನ್ಯಾಯವಲ್ಲ. ಇಬ್ಬರ ಪ್ರೋಗ್ರಾಂಗಳನ್ನು, ಅಂದರೆ ತಂಡ ಕಟ್ಟಿ ನಡೆಸುವ ಇಡೀ ವ್ಯವಸ್ಥೆಗಳನ್ನು ಹೋಲಿಸುತ್ತಿದ್ದರೆ ಪೂರ್ತಿ 13-18 ಬರೆಯಿರಿ. ಒಬ್ಬರು ಎದ್ದು ಹೋದ ಕೂಡಲೇ ಮನೆಯೇ ಕುಸಿಯಿತು ಅಂದರೆ, ಆ ಮನೆ ಒಂದೇ ಕಂಬದ ಮೇಲೆ ನಿಂತಿತ್ತು ಅಂತಲೇ ಅರ್ಥ. ಆ ದೌರ್ಬಲ್ಯ ಪ್ರೋಗ್ರಾಂನದ್ದು. ಅದನ್ನು ಮುಚ್ಚಿಡಬಾರದು.

2001-02ರ ಕ್ಯಾರೊಲಿನಾ ಕತೆ ಏನು?

ಇದಕ್ಕೆ ನಾಲ್ಕು ವರ್ಷ ಹಿಂದೆ ಹೋಗಬೇಕು. 1997ರಲ್ಲಿ ಕ್ಯಾರೊಲಿನಾ ಕೋಚ್ ಡೀನ್ ಸ್ಮಿತ್ 879 ಗೆಲುವುಗಳೊಂದಿಗೆ ನಿವೃತ್ತರಾದರು. ಅವರ ಬಹುಕಾಲದ ಸಹಾಯಕ ಬಿಲ್ ಗತ್ರಿಜ್ ಮೂರು ವರ್ಷ ನಡೆಸಿದರು, ಎರಡು ಸಲ ಫೈನಲ್ ಫೋರ್, ಅಂದರೆ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ ತಲುಪಿಸಿದರು. 2000ದಲ್ಲಿ ಅವರೂ ನಿವೃತ್ತರಾದರು. ಕ್ಯಾನ್ಸಸ್‌ನಲ್ಲಿ ಕೋಚ್ ಆಗಿದ್ದ ರಾಯ್ ವಿಲಿಯಮ್ಸ್ ಬರುತ್ತಾರೆ ಅಂತ ಊರಿಗೆ ಊರೇ ಕಾದಿತ್ತು. ಅವರು ಬರಲಿಲ್ಲ. ಆಗ ಬಂದವರು ಮ್ಯಾಟ್ ಡೊಹರ್ಟಿ. 1982ರಲ್ಲಿ ಪ್ರಶಸ್ತಿ ಗೆದ್ದ ಕ್ಯಾರೊಲಿನಾ ತಂಡದಲ್ಲಿ ಆಡಿದ್ದವರು, ನೋಟರ್ ಡೇಮ್‌ನಲ್ಲಿ ಒಂದು ವರ್ಷ ಕೋಚ್ ಆಗಿದ್ದವರು.

ಡೊಹರ್ಟಿ ತಮ್ಮ ಸಹಾಯಕರನ್ನು ನೋಟರ್ ಡೇಮ್‌ನಿಂದಲೇ ಕರೆತಂದರು. ಹಳಬರು ಹೊರಗೆ ಹೋದರು. ಮೊದಲ ವರ್ಷ ಅದರ ಬಿಸಿ ತಟ್ಟಲಿಲ್ಲ. 26-7, ನಡುವೆ ದೇಶದಲ್ಲಿ ನಂಬರ್ 1. ಆಮೇಲೆ ಒಂದೇ ಬೇಸಿಗೆಯಲ್ಲಿ ತಂಡ ಖಾಲಿಯಾಯಿತು. ಬ್ರೆಂಡನ್ ಹೇವುಡ್ ಓದು ಮುಗಿಸಿದರು. ಜೋಸೆಫ್ ಫೋರ್ಟೆ ಎನ್‌ಬಿಎಗೆ ಹೊರಟರು. ಅಮೆರಿಕನ್ ಫುಟ್‌ಬಾಲ್ ತಂಡದಿಂದ ಬಂದು ಆಡುತ್ತಿದ್ದ ಜೂಲಿಯಸ್ ಪೆಪ್ಪರ್ಸ್ ಮತ್ತು ರೊನಾಲ್ಡ್ ಕರಿ ಮತ್ತೆ ಫುಟ್‌ಬಾಲ್ ಕಡೆಗೇ ಹೋದರು.

2001ರ ನವೆಂಬರ್‌ನಲ್ಲಿ ಮೊದಲ ಪಂದ್ಯ. ಸುಮಾರು 21,000 ಜನ ಕೂರುವ ಡೀನ್ ಸ್ಮಿತ್ ಸೆಂಟರ್‌ನಲ್ಲಿ, ಹ್ಯಾಂಪ್ಟನ್ ಎಂಬ ಸಣ್ಣ ವಿಶ್ವವಿದ್ಯಾಲಯದ ವಿರುದ್ಧ 77-69ರಲ್ಲಿ ಸೋಲು. ಕೆಲವೇ ದಿನಕ್ಕೆ ಅದೇ ಅಂಗಳದಲ್ಲಿ ಡೇವಿಡ್‌ಸನ್ ವಿರುದ್ಧ 58-54. ಅಲ್ಲಿಂದ ಮುಂದೆ ಎಲ್ಲವೂ ಇಳಿಜಾರೇ. ಕೊನೆಗೆ 8-20. ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಒಂದೇ ಸೀಸನ್‌ನಲ್ಲಿ ಅಷ್ಟು ಸೋಲು ಯಾವತ್ತೂ ಬಂದಿರಲಿಲ್ಲ. ರಾಷ್ಟ್ರೀಯ ಪ್ರಶಸ್ತಿ ತೀರ್ಮಾನವಾಗುವ ಎನ್‌ಸಿಎಎ ಟೂರ್ನಿಯನ್ನು ಸತತ 27 ವರ್ಷ ಆಡಿದ ಸರಪಳಿ ತುಂಡಾಯಿತು. ಸತತ 31 ವರ್ಷ 20 ಅಥವಾ ಹೆಚ್ಚು ಗೆಲುವು ಕಂಡ ಸರಪಳಿಯೂ ಹೋಯಿತು. 1961-62ರ ನಂತರ ಗೆಲುವಿಗಿಂತ ಸೋಲು ಜಾಸ್ತಿಯಾದ ಮೊದಲ ವರ್ಷ ಅದು.

ಹಾಗಾದರೆ ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು?

ಆಟದ ಮಟ್ಟದಲ್ಲಿ ಕ್ಯಾರೊಲಿನಾದ 8-20. ನನಗೆ ಇದರಲ್ಲಿ ಅನುಮಾನವಿಲ್ಲ.

ಈ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಒಂದು ಅನುಕೂಲವಿದೆ. ಎರಡೂ ಕಾಲದಲ್ಲಿ ಎಸಿಸಿಯಲ್ಲಿ ಒಂಬತ್ತೇ ತಂಡ. ಪ್ರತಿಯೊಬ್ಬರೂ ಉಳಿದ ಎಂಟು ತಂಡಗಳ ಜೊತೆ ಎರಡೆರಡು ಸಲ ಆಡುತ್ತಿದ್ದರು, ಒಮ್ಮೆ ತಮ್ಮ ಅಂಗಳದಲ್ಲಿ, ಒಮ್ಮೆ ಅವರ ಅಂಗಳದಲ್ಲಿ. ಒಟ್ಟು 16. ಹಾಗಾಗಿ ಒಬ್ಬರಿಗೆ ಸುಲಭದ ವೇಳಾಪಟ್ಟಿ, ಇನ್ನೊಬ್ಬರಿಗೆ ಕಷ್ಟದ್ದು ಎಂಬ ತಕರಾರು ಇಲ್ಲ. ಈ ಲೆಕ್ಕದಲ್ಲಿ ಡ್ಯೂಕ್ 2-14, ಕ್ಯಾರೊಲಿನಾ 4-12. ಕ್ಯಾರೊಲಿನಾ ಕೊನೆಯ ಸ್ಥಾನವನ್ನು ಕ್ಲೆಮ್ಸನ್, ಫ್ಲೋರಿಡಾ ಸ್ಟೇಟ್ ಜೊತೆ ಹಂಚಿಕೊಂಡಿತು, ಡ್ಯೂಕ್ ಒಂಟಿಯಾಗಿ ಅಲ್ಲಿತ್ತು. ಇಷ್ಟನ್ನೇ ನೋಡಿದರೆ ಡ್ಯೂಕ್ ಕೆಟ್ಟದ್ದು ಅನ್ನಿಸುತ್ತದೆ, ಅಲ್ವಾ?

ಆದರೆ ಹೇಗೆ ಸೋತರು ನೋಡಿ. ಡ್ಯೂಕ್ ಬಹಳಷ್ಟು ಪಂದ್ಯಗಳನ್ನು ಕೊನೆಯ ನಿಮಿಷಗಳಲ್ಲಿ ಕಳೆದುಕೊಂಡಿತು. ವರ್ಜೀನಿಯಾ ವಿರುದ್ಧ ದೊಡ್ಡ ಮುನ್ನಡೆಯಿದ್ದೂ ಎರಡು ಓವರ್‌ಟೈಮ್ (ಅಂಕ ಸಮವಾದಾಗ ಕೊಡುವ ಹೆಚ್ಚುವರಿ ಸಮಯ) ಆಡಿ ಸೋತಿತು. ಕ್ಯಾರೊಲಿನಾ ವಿರುದ್ಧವೂ ಎರಡು ಓವರ್‌ಟೈಮ್ ಬೇಕಾಯಿತು. ಅದೇ 2002ರಲ್ಲಿ ಡ್ಯೂಕ್ ಚಾಪೆಲ್ ಹಿಲ್‌ಗೇ ಬಂದು 87-58ರಲ್ಲಿ ಗೆದ್ದುಕೊಂಡು ಹೋಯಿತು. ಡರ್ಹಮ್‌ನಲ್ಲಿ 93-68. ಎಸಿಸಿ ಟೂರ್ನಿಯಲ್ಲಿ 60-48. ಅಲ್ಲಿ ಪೈಪೋಟಿಯೇ ಇರಲಿಲ್ಲ.

ಮತ್ತೊಂದು ವ್ಯತ್ಯಾಸ ನನಗೆ ಇನ್ನೂ ಮುಖ್ಯ. ಡ್ಯೂಕ್‌ನ ಗಾಯ ಎಲ್ಲಿತ್ತು ಅಂತ ಎಲ್ಲರಿಗೂ ಗೊತ್ತಿತ್ತು. ಕೋಚ್ ವಾಪಸ್ ಬಂದರೆ ಸರಿಹೋಗುತ್ತದೆ ಅನ್ನುವ ನಂಬಿಕೆ ಇತ್ತು. ಹಾಗೇ ಆಯಿತು: 1995-96ರಲ್ಲಿ 18-13, ಮರುವರ್ಷ ಎಸಿಸಿಯಲ್ಲಿ ಮೊದಲ ಸ್ಥಾನ. ಕ್ಯಾರೊಲಿನಾದಲ್ಲಿ ಕೋಚ್ ಅಲ್ಲೇ ಇದ್ದರು, ಆದರೂ ಸೋಲುತ್ತಿದ್ದರು. ಸೀಸನ್ ಮುಗಿದ ಮೇಲೆ ಆಡಮ್ ಬೂನ್, ಬ್ರಯಾನ್ ಮಾರಿಸನ್ ಮುಂತಾದವರು ಬೇರೆ ಕಾಲೇಜಿಗೆ ಹೋದರು. ರೋಗ ಯಾವುದು ಅಂತಲೇ ತಿಳಿಯದಿದ್ದಾಗ ಆಗುವ ಸಂಕಟ ಅದು.

ಈ ಎರಡು ಕೆಟ್ಟ ತಂಡಗಳಲ್ಲಿ ಕೇಪಲ್ ಅಣ್ಣ-ತಮ್ಮಂದಿರು ಒಂದೊಂದರಲ್ಲಿ ಆಡಿದ್ದರು ಅನ್ನುವುದು ನಿಜವೇ?

ನಿಜ. 1994-95ರ ಡ್ಯೂಕ್ ತಂಡದಲ್ಲಿ ಎರಡನೇ ವರ್ಷದ ವಿದ್ಯಾರ್ಥಿಯಾಗಿ ಆಡಿದವರು ಜೆಫ್ ಕೇಪಲ್. 2001-02ರ ಕ್ಯಾರೊಲಿನಾ ತಂಡದಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಯಾಗಿ ಆಡಿದವರು ಜೇಸನ್ ಕೇಪಲ್. ಜೆಫ್ ಅಣ್ಣ, ಜೇಸನ್ ತಮ್ಮ. ಅವರ ತಂದೆಯೂ ಕಾಲೇಜು ಕೋಚ್. ಎರಡೂ ವಿಶ್ವವಿದ್ಯಾಲಯಗಳು ಅತ್ಯಂತ ಕಷ್ಟಪಟ್ಟ ಈ ಎರಡು ವರ್ಷಗಳನ್ನು ಒಂದೇ ಮನೆಯ ಇಬ್ಬರು ಮಕ್ಕಳು ಒಳಗಿನಿಂದ ಕಂಡರು. ಜೇಸನ್ ಪಾಲಿಗೆ ಅದು ಕಾಲೇಜಿನ ಕೊನೆಯ ವರ್ಷ, ಸರಿಪಡಿಸಲು ಮತ್ತೊಂದು ಸೀಸನ್ ಇರಲಿಲ್ಲ. ಆ ತಂಡದ ಹಿರಿಯರಿಗೆ ಸಿಗಬೇಕಾದ ಮರ್ಯಾದೆ ಇವತ್ತಿಗೂ ಸಿಕ್ಕಿಲ್ಲ ಅಂತ ನನಗನ್ನಿಸುತ್ತದೆ. ಮುಂದೆ ಇಬ್ಬರೂ ಕೋಚ್ ಆದರು. 2018ರಲ್ಲಿ ಜೆಫ್ ಪಿಟ್ಸ್‌ಬರ್ಗ್‌ನ ಮುಖ್ಯ ಕೋಚ್ ಆದಾಗ ತಮ್ಮನನ್ನೂ ಸಹಾಯಕನಾಗಿ ಕರೆದುಕೊಂಡರು.

ಒಬ್ಬರು ಸೋಲುತ್ತಿರುವ ವರ್ಷದಲ್ಲೂ ಇವರಿಬ್ಬರ ಪಂದ್ಯ ನೋಡುವಂತಿರುತ್ತದೆ ಅನ್ನುತ್ತಾರೆ. ಹೌದಾ?

ಯಾವಾಗಲೂ ಅಲ್ಲ. 2002ರ ಅಂಕಗಳನ್ನು ಮೇಲೆ ಕೊಟ್ಟಿದ್ದೇನೆ. ಆದರೆ ಹಾಗೆ ಅನ್ನುವವರ ಕಣ್ಣಿಗೆ ಬರುವುದು 1995ರ ಫೆಬ್ರವರಿ 2ರ ರಾತ್ರಿ.

ಕ್ಯಾರೊಲಿನಾ ಆಗ ದೇಶದಲ್ಲಿ ನಂಬರ್ 2. ಜೆರ‍್ರಿ ಸ್ಟ್ಯಾಕ್‌ಹೌಸ್, ರಶೀದ್ ವ್ಯಾಲೆಸ್ ಇದ್ದ ತಂಡ. ಡ್ಯೂಕ್‌ಗೆ ಎಸಿಸಿಯಲ್ಲಿ ಅಲ್ಲಿಯವರೆಗೆ ಒಂದೂ ಗೆಲುವಿಲ್ಲ. ಡ್ಯೂಕ್‌ನ ಕ್ಯಾಮರೂನ್ ಇಂಡೋರ್ ಸ್ಟೇಡಿಯಂನಲ್ಲಿ ಪಂದ್ಯ. ಶುರುವಿನಲ್ಲಿ ಕ್ಯಾರೊಲಿನಾ ಓಡಿಬಿಟ್ಟಿತು. ಡ್ಯೂಕ್ ಹಿಡಿದು, ದಾಟಿ, ಮತ್ತೆ ಬಿಟ್ಟುಕೊಟ್ಟು, ಓವರ್‌ಟೈಮ್‌ಗೆ ಬಂತು. ಓವರ್‌ಟೈಮ್‌ನ ಕೊನೆಯ ಕೆಲವೇ ಸೆಕೆಂಡ್. ಕ್ಯಾರೊಲಿನಾ 95-92. ಅವರ ಸರ್ಜ್ ಜ್ವಿಕರ್‌ಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಎಸೆತ. ಒಂದು ಬಿದ್ದರೂ ಪಂದ್ಯ ಮುಗಿದಂತೆ. ಎರಡೂ ತಪ್ಪಿದವು. ಡ್ಯೂಕ್‌ನ ಚೆರೊಕೀ ಪಾರ್ಕ್ಸ್ ಪುಟಿದ ಚೆಂಡು ಹಿಡಿದು ಜೆಫ್ ಕೇಪಲ್‌ಗೆ ಕೊಟ್ಟರು. ಕೇಪಲ್ ಓಡುತ್ತಲೇ ಬಂದು, ನಡುಗೆರೆ ದಾಟಿದ್ದೇ ತಡ ಚೆಂಡನ್ನು ಎಸೆದರು. ಒಳಗೆ ಬಿತ್ತು. ಅಷ್ಟು ದೂರದಿಂದ ಬಿದ್ದರೆ ಮೂರು ಪಾಯಿಂಟ್. 95-95.

ಎರಡನೇ ಓವರ್‌ಟೈಮ್‌ನಲ್ಲಿ ಕ್ಯಾರೊಲಿನಾ 102-100ರಲ್ಲಿ ಗೆದ್ದಿತು. ಇದನ್ನು ಬಹಳ ಜನ ಮರೆಯುತ್ತಾರೆ. ಆ ಎಸೆತವನ್ನು ಟಿವಿಯಲ್ಲಿ ಎಷ್ಟು ಸಲ ತೋರಿಸಿದ್ದಾರೆ ಅಂದರೆ, ಡ್ಯೂಕ್ ಗೆದ್ದಿತು ಅಂತಲೇ ಎಷ್ಟೋ ಜನ ನಂಬಿದ್ದಾರೆ.

2020ರ ಫೆಬ್ರವರಿ 8 ಅದರ ತಿರುವುಮುರುವು. ಆ ಸೀಸನ್‌ನಲ್ಲಿ ಸೋಲುತ್ತಿದ್ದವರು ಕ್ಯಾರೊಲಿನಾ, ಪಂದ್ಯವೂ ಅವರ ಅಂಗಳದಲ್ಲೇ. ನಾಲ್ಕು ಚಿಲ್ಲರೆ ನಿಮಿಷ ಉಳಿದಾಗ 13 ಪಾಯಿಂಟ್ ಮುಂದಿದ್ದರು. ಡ್ಯೂಕ್ ಬೆನ್ನಟ್ಟಿ ಎರಡು ಪಾಯಿಂಟ್ ಅಂತರಕ್ಕೆ ಬಂದಾಗ ಟ್ರೇ ಜೋನ್ಸ್ ಬೇಕಂತಲೇ ಫ್ರೀ ಥ್ರೋ ತಪ್ಪಿಸಿ, ಪುಟಿದ ಚೆಂಡನ್ನು ತಾವೇ ಹಿಡಿದು, ಗಂಟೆ ಬಾರಿಸುವಾಗ ಹಾಕಿ ಸಮ ಮಾಡಿದರು. ಓವರ್‌ಟೈಮ್‌ನ ಕೊನೆಯಲ್ಲಿ ಜೋನ್ಸ್ ಎಸೆತ ಗುರಿ ತಪ್ಪಿತು, ವೆಂಡೆಲ್ ಮೂರ್ ಅದನ್ನು ಹಿಡಿದು ಒಳಗೆ ಹಾಕಿದರು. ಡ್ಯೂಕ್ 98-96ರಲ್ಲಿ ಗೆದ್ದಿತು.

2019-20 ಮತ್ತು 2020-21: ಇಬ್ಬರೂ ಒಟ್ಟಿಗೇ ಬಿದ್ದರು ಅನ್ನಬಹುದೇ?

ಒಬ್ಬರ ಹಿಂದೆ ಒಬ್ಬರು ಅನ್ನುವುದು ಸರಿ. 2019-20ರಲ್ಲಿ ಕ್ಯಾರೊಲಿನಾ 14-19. ಡೊಹರ್ಟಿ ನಂತರ ಕೊನೆಗೂ ಕ್ಯಾರೊಲಿನಾಗೆ ಕೋಚ್ ಆಗಿ ಬಂದು, ಅಷ್ಟು ಹೊತ್ತಿಗೆ ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ರಾಯ್ ವಿಲಿಯಮ್ಸ್‌ಗೆ ಮುಖ್ಯ ಕೋಚ್ ಆಗಿ ಸೋಲು ಹೆಚ್ಚಾದ ಮೊದಲ ಸೀಸನ್ ಅದು. ಹಿಂದಿನ ವರ್ಷದ ಐದು ಮುಖ್ಯ ಆಟಗಾರರು ಹೋಗಿದ್ದರು. ಹೊಸ ತಾರೆ ಕೋಲ್ ಆಂಥನಿ ಮಂಡಿಯ ಆಪರೇಷನ್‌ನಿಂದ 11 ಪಂದ್ಯ ತಪ್ಪಿಸಿಕೊಂಡರು. ಚಾಪೆಲ್ ಹಿಲ್‌ನಲ್ಲಿ 59 ಸಲ ಆಡಿ 59 ಸಲವೂ ಸೋತಿದ್ದ ಕ್ಲೆಮ್ಸನ್ ಆ ಜನವರಿಯಲ್ಲಿ ಅಲ್ಲಿ ಮೊದಲ ಸಲ ಗೆದ್ದಿತು. ಆ ವರ್ಷದ ಬಗ್ಗೆ ಬೇರೇನೂ ಹೇಳದಿದ್ದರೂ ಸಾಕು.

ಮರುವರ್ಷ ಕೋವಿಡ್. ಡ್ಯೂಕ್ 13-11 ಆಗಿ, 1995ರ ನಂತರ ಮೊದಲ ಸಲ ಎನ್‌ಸಿಎಎ ಟೂರ್ನಿಗೆ ಹೊರಗುಳಿಯಿತು. ಫೆಬ್ರವರಿಯಲ್ಲಿ ಇಬ್ಬರೂ ಎದುರಾದಾಗ ಒಬ್ಬರೂ ದೇಶದ ಟಾಪ್ 25 ತಂಡಗಳ ಪಟ್ಟಿಯಲ್ಲಿರಲಿಲ್ಲ. ಹಾಗಾದದ್ದು 1960ರ ನಂತರ ಅದೇ ಮೊದಲು. ಕ್ಯಾಮರೂನ್‌ನಲ್ಲಿ ಪ್ರೇಕ್ಷಕರೂ ಇರಲಿಲ್ಲ. ಕ್ಯಾರೊಲಿನಾ 91-87ರಲ್ಲಿ ಗೆದ್ದಿತು. ಮಾರ್ಚ್‌ನಲ್ಲಿ ಮತ್ತೆ 91-73. ಆದರೆ ಟೂರ್ನಿಯ ಮೊದಲ ಸುತ್ತಿನಲ್ಲೇ ವಿಸ್ಕಾನ್ಸಿನ್ 85-62ರಲ್ಲಿ ಅವರನ್ನು ಮನೆಗೆ ಕಳಿಸಿತು. ವಿಲಿಯಮ್ಸ್ ಮೊದಲ ಸುತ್ತಿನಲ್ಲಿ ಅದಕ್ಕೂ ಮುಂಚೆ ಒಮ್ಮೆಯೂ ಸೋತಿರಲಿಲ್ಲ. ಏಪ್ರಿಲ್ 1ಕ್ಕೆ ನಿವೃತ್ತಿ ಘೋಷಿಸಿದರು. ಎರಡು ತಿಂಗಳ ನಂತರ ಕೋಚ್ ಕೆ ಕೂಡ, ಮುಂದಿನ ಸೀಸನ್ನೇ ಕೊನೆ ಅಂದರು.

2020-21ರ ಅಂಕಿಗಳನ್ನು ಬೇರೆ ವರ್ಷದ ಜೊತೆ ಹೋಲಿಸಬೇಡಿ ಅಂತಲೇ ನನ್ನ ಸಲಹೆ. ಪಂದ್ಯಗಳು ರದ್ದಾದವು, ಖಾಲಿ ಅಂಗಳ, ಎಸಿಸಿ ಟೂರ್ನಿಯ ಮಧ್ಯದಲ್ಲೇ ಕೋವಿಡ್‌ನಿಂದ ಡ್ಯೂಕ್ ಹಿಂದೆ ಸರಿಯಬೇಕಾಯಿತು.

ಸೋಲುತ್ತಿರುವ ಕೋಚ್‌ಗೆ ಎಷ್ಟು ಸಮಯ ಕೊಡಬೇಕು?

ಇದಕ್ಕೆ ಈ ಎರಡು ಊರುಗಳಲ್ಲೇ ಮೂರು ಉದಾಹರಣೆ ಸಿಗುತ್ತವೆ.

ಡೀನ್ ಸ್ಮಿತ್ ಅವರ ಮೊದಲ ಸೀಸನ್ 8-9. 1965ರ ಜನವರಿಯಲ್ಲಿ ವೇಕ್ ಫಾರೆಸ್ಟ್ ವಿರುದ್ಧ ಸೋತು ತಂಡದ ಬಸ್ಸು ಕ್ಯಾಂಪಸ್‌ಗೆ ವಾಪಸ್ ಬಂದಾಗ, ವಿದ್ಯಾರ್ಥಿಗಳು ಅವರ ಪ್ರತಿಕೃತಿಯನ್ನು ನೇಣು ಹಾಕಿದ್ದರು. ಆಟಗಾರ ಬಿಲ್ಲಿ ಕನಿಂಗ್‌ಹ್ಯಾಮ್ ಬಸ್ಸಿನಿಂದ ಇಳಿದು ಹೋಗಿ ಅದನ್ನು ಕಿತ್ತು ಹಾಕಿದರು. ಇಪ್ಪತ್ತೊಂದು ವರ್ಷದ ನಂತರ ಅದೇ ಊರಿನಲ್ಲಿ ಸ್ಮಿತ್ ಹೆಸರಿನ ಕ್ರೀಡಾಂಗಣ ತೆರೆಯಿತು.

ಕೋಚ್ ಕೆ ಮೊದಲ ಮೂರು ವರ್ಷದಲ್ಲಿ 38-47. ಮೂರನೇ ವರ್ಷದ ಕೊನೆಯ ಪಂದ್ಯದಲ್ಲಿ ವರ್ಜೀನಿಯಾ 109-66ರಲ್ಲಿ ಸೋಲಿಸಿತು. ಅದಕ್ಕೆ ಹಿಂದಿನ ವರ್ಷವೇ ಪಕ್ಕದೂರಿನ ಕ್ಯಾರೊಲಿನಾ, ಮೈಕೆಲ್ ಜೋರ್ಡನ್ ಹಾಕಿದ ಬುಟ್ಟಿಯಿಂದ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. ಅಭಿಮಾನಿಗಳು ಕೋಚ್‌ನನ್ನು ತೆಗೆಯಿರಿ ಅಂತ ಹಟ ಹಿಡಿದಿದ್ದರು. ಡ್ಯೂಕ್‌ನ ಕ್ರೀಡಾ ನಿರ್ದೇಶಕ ಟಾಮ್ ಬಟರ್ಸ್ 1984ರ ಜನವರಿಯಲ್ಲಿ ಅವರ ಒಪ್ಪಂದವನ್ನು ಮುಂದುವರಿಸಿದರು. ಮುಂದೆ ಐದು ರಾಷ್ಟ್ರೀಯ ಪ್ರಶಸ್ತಿ ಬಂದವು.

ಡೊಹರ್ಟಿ ಮೂರು ವರ್ಷದಲ್ಲಿ 53-43. ಕೋಚ್ ಕೆ ಅವರ ಮೊದಲ ಮೂರು ವರ್ಷಕ್ಕಿಂತ ಎಷ್ಟೋ ಮೇಲು. ಆದರೂ ಆಟಗಾರರ ಅಸಮಾಧಾನದ ಸುದ್ದಿಗಳ ನಡುವೆ 2003ರ ಏಪ್ರಿಲ್ 1ರಂದು ರಾಜೀನಾಮೆ ಕೊಟ್ಟರು.

ಹಾಗಾದರೆ ಡೊಹರ್ಟಿಗೆ ಅನ್ಯಾಯವಾಯಿತೇ? ಒಂದು ಅರ್ಥದಲ್ಲಿ ಹೌದು. ಅವರಿಗೆ ಸಿಕ್ಕ ಮನೆಯಲ್ಲಿ ಸೋಲುವುದನ್ನು ಯಾರೂ ಕಲಿತಿರಲಿಲ್ಲ. ಆದರೆ ಕೋಚ್ ಕೆ ಉಳಿದದ್ದು ಬರೀ ಬಟರ್ಸ್ ಅವರ ತಾಳ್ಮೆಯಿಂದಲ್ಲ. 1982ರಲ್ಲಿ ಸೇರಿದ ಹುಡುಗರು ಅವರ ಜೊತೆ ನಿಂತರು.

ಸೋಲಿನ ವರ್ಷದಲ್ಲಿ ನಾನು ಗಮನಿಸಬೇಕಾದ ಒಂದೇ ವಿಷಯ ಯಾವುದು?

ಮೊದಲ ವರ್ಷದ ಹುಡುಗರು. ಗೆಲುವು ಸೋಲಿನ ಪಟ್ಟಿಗಿಂತ ಅವರನ್ನು ನೋಡಿ.

11-17ರ ಡ್ಯೂಕ್ ತಂಡದಲ್ಲಿ ಜಾನಿ ಡಾಕಿನ್ಸ್, ಮಾರ್ಕ್ ಅಲಾರಿ, ಜೇ ಬಿಲಸ್, ಡೇವಿಡ್ ಹೆಂಡರ್ಸನ್ ಹೊಸಬರು. ಅವರೇ ಕೊನೆಯ ವರ್ಷದಲ್ಲಿ, 1986ರಲ್ಲಿ, 37 ಪಂದ್ಯ ಗೆದ್ದು ರಾಷ್ಟ್ರೀಯ ಫೈನಲ್ ಆಡಿದರು. 13-18ರ ಡ್ಯೂಕ್ ತಂಡದಲ್ಲಿ ಟ್ರಜನ್ ಲ್ಯಾಂಗ್ಡನ್ ಹೊಸಬ. ನಡುವೆ ಒಂದು ವರ್ಷ ಮಂಡಿನೋವಿಂದ ಕೂತು, 1999ರಲ್ಲಿ ಅವರು ಹಿರಿಯರಾಗಿದ್ದಾಗ ತಂಡ 37-2. 8-20ರ ಕ್ಯಾರೊಲಿನಾದಲ್ಲಿ ಜವಾದ್ ವಿಲಿಯಮ್ಸ್, ಜಾಕಿ ಮ್ಯಾನ್ಯುಯಲ್, ಮೆಲ್ವಿನ್ ಸ್ಕಾಟ್ ಹೊಸಬರು. 2005ರ ಏಪ್ರಿಲ್‌ನಲ್ಲಿ ಇಲಿನಾಯ್ ವಿರುದ್ಧ 75-70ರಲ್ಲಿ ಗೆದ್ದು ಪ್ರಶಸ್ತಿ ಎತ್ತಿದಾಗ ಆ ಮೂವರೂ ತಂಡದ ಹಿರಿಯರು. 14-19ರಲ್ಲಿ ಅರ್ಮಾಂಡೊ ಬೇಕಾಟ್ ಹೊಸಬ. 2022ರಲ್ಲಿ ಕ್ಯಾರೊಲಿನಾ ಫೈನಲ್ ತಲುಪಿದಾಗ ಅವರೇ ಆಧಾರ. ಆ ಹಾದಿಯಲ್ಲಿ ಸೆಮಿಫೈನಲ್‌ನಲ್ಲಿ 81-77ರಲ್ಲಿ ಸೋತದ್ದು ಡ್ಯೂಕ್. ಕೋಚ್ ಕೆ ಅವರ ಕೊನೆಯ ಪಂದ್ಯ. ಆ ಡ್ಯೂಕ್ ತಂಡದಲ್ಲೂ ಮಾರ್ಕ್ ವಿಲಿಯಮ್ಸ್, ಜೆರೆಮಿ ರೋಚ್ ಇದ್ದರು, 13-11ರ ವರ್ಷದ ಹೊಸಬರು.

ಹೊಸ ಹುಡುಗರಿಗೆ ಸೋಲಿನ ವರ್ಷದಲ್ಲಿ ಆಡುವ ಸಮಯ ಜಾಸ್ತಿ ಸಿಗುತ್ತದೆ. ಗೆಲ್ಲುವ ತಂಡದಲ್ಲಿ ಬೆಂಚ್ ಕಾಯಬೇಕಾಗಿದ್ದವರು ಇಲ್ಲಿ 25-30 ನಿಮಿಷ ಆಡುತ್ತಾರೆ. ತಪ್ಪು ಮಾಡುತ್ತಾರೆ, ಬೈಸಿಕೊಳ್ಳುತ್ತಾರೆ, ಮತ್ತೆ ಆಡುತ್ತಾರೆ. ಅವರು ಉಳಿದರೆ ಕೆಟ್ಟ ವರ್ಷ ಖರ್ಚಲ್ಲ. ಬಿಟ್ಟು ಹೋದರೆ ಪೂರ್ತಿ ನಷ್ಟ.

ಈಗ ಟ್ರಾನ್ಸ್‌ಫರ್ ಪೋರ್ಟಲ್ ಇದೆಯಲ್ಲ, ಇದೆಲ್ಲ ಈಗಲೂ ನಡೆಯುತ್ತಾ?

ಕಷ್ಟವಾಗಿದೆ. 2018ರಲ್ಲಿ ಪೋರ್ಟಲ್ ಬಂತು, ಕಾಲೇಜು ಬದಲಾಯಿಸಬೇಕು ಅನ್ನುವ ಆಟಗಾರರು ಹೆಸರು ಹಾಕುವ ಪಟ್ಟಿ ಅದು. ಮೊದಲ ಸಲ ಕಾಲೇಜು ಬದಲಾಯಿಸಿದವರು ಒಂದು ವರ್ಷ ಸುಮ್ನೆ ಕೂರಬೇಕು ಅನ್ನುವ ನಿಯಮ 2021ರಲ್ಲಿ ಹೋಯಿತು. ಅದೇ ವರ್ಷದಿಂದ ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು. ಸೋತ ತಂಡದ ಹುಡುಗ ಮೂರು ವರ್ಷ ಕಾಯಲು ಕಾರಣವೇ ಕಡಿಮೆ. ಕೋಚ್ ಕೂಡ ಬೇಸಿಗೆಯಲ್ಲಿ ಅರ್ಧ ತಂಡ ಹೊಸದಾಗಿ ಕಟ್ಟಬಹುದು. ಹಾಗಾಗಿ ಏಳುವುದು ಬೇಗ, ಬೀಳುವುದೂ ಬೇಗ.

2022-23ರ ಕ್ಯಾರೊಲಿನಾ 20-13. ಅದು ಹೇಗೆ ಕೆಟ್ಟ ಸೀಸನ್?

ಸೀಸನ್ ಶುರುವಾಗುವ ಮೊದಲು ಅವರು ದೇಶದ ನಂಬರ್ 1. ಕೊನೆಗೆ ಎನ್‌ಸಿಎಎ ಟೂರ್ನಿಗೇ ಆಯ್ಕೆಯಾಗಲಿಲ್ಲ. 1985ರಲ್ಲಿ ಟೂರ್ನಿ 64 ತಂಡಕ್ಕೆ ಬೆಳೆದ ಮೇಲೆ ಹೀಗಾದ ಮೊದಲ ನಂಬರ್ 1 ತಂಡ ಅದು. ನಿರೀಕ್ಷೆಯೂ ಒಂದು ಅಳತೆ. ಆ ಅಳತೆಯಲ್ಲಿ ನೋಡಿದರೆ ಡ್ಯೂಕ್‌ನ 13-11ಕ್ಕಿಂತ ಇದು ದೊಡ್ಡ ಕುಸಿತ.

ಯಾವ ಅಂಕಿಅಂಶ ನಂಬಬೇಕು?

ಹಳೆಯ ಸೀಸನ್‌ಗಳಿಗೆ ಕಾನ್ಫರೆನ್ಸ್ ಒಳಗಿನ ಗೆಲುವು-ಸೋಲು ಮತ್ತು ಸೋಲಿನ ಅಂತರ, ಇವೆರಡೇ ಸಾಕು. ಒಟ್ಟು ಲೆಕ್ಕದಲ್ಲಿ ನವೆಂಬರ್‌ನ ಸುಲಭದ ಪಂದ್ಯಗಳು ಸೇರಿಕೊಂಡು ಮೋಸ ಮಾಡುತ್ತವೆ. 2018ರಿಂದ ಈಚಿನವಕ್ಕೆ ಎನ್‌ಸಿಎಎಯ ನೆಟ್ ರ‍್ಯಾಂಕಿಂಗ್ ಇದೆ. ಅದರಲ್ಲಿ ಎದುರಾಳಿ ಎಷ್ಟು ಬಲವಾದವರು, ಪಂದ್ಯ ಯಾರ ಅಂಗಳದಲ್ಲಿ ನಡೆಯಿತು ಎರಡನ್ನೂ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ, ತಮ್ಮ ಅಂಗಳದಲ್ಲಾದರೆ ಮೊದಲ 30ರೊಳಗಿನ ತಂಡವನ್ನು ಸೋಲಿಸಿದರೆ ಮಾತ್ರ ಅದು ಮೇಲ್ದರ್ಜೆಯ ಗೆಲುವು. ಎದುರಾಳಿಯ ಅಂಗಳದಲ್ಲಾದರೆ 75ರೊಳಗಿನ ತಂಡ ಸಾಕು. ಒಂದು ಎಚ್ಚರಿಕೆ: 16 ಪಂದ್ಯದ ಕಾಲದ 4-12ನ್ನು 20 ಪಂದ್ಯದ ಕಾಲದ 6-14ರ ಜೊತೆ ನೇರವಾಗಿ ಹೋಲಿಸಬೇಡಿ. ಕಾನ್ಫರೆನ್ಸ್ ದೊಡ್ಡದಾದ ಮೇಲೆ ಎಲ್ಲರೂ ಎಲ್ಲರ ಜೊತೆ ಎರಡು ಸಲ ಆಡುವುದಿಲ್ಲ.

ಮಗಳಿಗೆ ಡ್ಯೂಕ್‌ನಲ್ಲಿ ಸೀಟು ಸಿಕ್ಕಿದೆ. ತಂಡ ಸೋಲುತ್ತಿದ್ದರೆ ಕ್ಯಾರೊಲಿನಾ ಪಂದ್ಯಕ್ಕೆ ಒಳಗೆ ಹೋಗುವುದು ಸುಲಭವಾಗುತ್ತಾ?

ಇಲ್ಲ. ಕ್ಯಾಮರೂನ್‌ನಲ್ಲಿ ಇರುವುದೇ 9,314 ಜಾಗ. ಬೇರೆ ಪಂದ್ಯಗಳಿಗೆ ಸಾಲು ಚಿಕ್ಕದಾಗಬಹುದು, ಕ್ಯಾರೊಲಿನಾ ಪಂದ್ಯಕ್ಕೆ ಆಗುವುದಿಲ್ಲ. ವಿದ್ಯಾರ್ಥಿಗಳು ಟಿಕೆಟ್ ಕೊಳ್ಳಬೇಕಿಲ್ಲ, ಸಾಲಿನಲ್ಲಿ ನಿಲ್ಲಬೇಕು. ಆ ಸಾಲಿಗೆ ಕ್ರೀಡಾಂಗಣದ ಹೊರಗಿನ ಹುಲ್ಲಿನ ಮೇಲೆ ವಾರಗಟ್ಟಲೆ ಟೆಂಟ್ ಹಾಕಿಕೊಂಡು ಮಲಗುತ್ತಾರೆ. 1986ರಿಂದ ನಡೆದುಕೊಂಡು ಬಂದಿದೆ. ಹಾಜರಿ ತೆಗೆಯುವುದು, ಟೆಂಟ್‌ನಲ್ಲಿ ಎಷ್ಟು ಜನ ಇರಬೇಕು ಅಂತ ನೋಡುವುದು, ಎಲ್ಲ ವಿದ್ಯಾರ್ಥಿಗಳದ್ದೇ ಜವಾಬ್ದಾರಿ. ಗೆಳತಿಯರ ಒಂದು ಗುಂಪು ಮೊದಲೇ ಕಟ್ಟಿಕೊಳ್ಳಲಿ, ಸರದಿ ಹಾಕಿಕೊಂಡರೆ ಕ್ಲಾಸ್ ತಪ್ಪುವುದಿಲ್ಲ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಮಾತ್ರ ಕೊಡಿಸಿ ಕಳಿಸಿ. ಜನವರಿ ರಾತ್ರಿಗಳಲ್ಲಿ ಡರ್ಹಮ್ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುತ್ತದೆ.